ಕಣ್ಣು ಕೂರಿಸುವ ಕೆಲಸ

ಬಸ್ಸು ಕಮಲಾಪುರ ದಾಟಿ ತಿರುಗಿದಾಗ ಬೆಳಗಿನ ಬಿಸಿಲು ಓರೆಯಾಗಿ ಬಂದು ಜಂಬುನಾಥನ ತೊಡೆಯ ಮೇಲಿದ್ದ ಟ್ಯಾಬಿನ ಮೇಲೆ ಬಿತ್ತು; ಬಿದ್ದದ್ದೇ ತಡ, ಅಲ್ಲಿಯವರೆಗೆ ಕಪ್ಪಗೆ ಸಭ್ಯವಾಗಿ ಕೂತಿದ್ದ ಆ ಗಾಜು ತನ್ನ ಮೈಮೇಲಿನದನ್ನೆಲ್ಲ ತೋರಿಸಿಬಿಟ್ಟಿತು. ಬೆರಳುಗಳ ಜಿಡ್ಡು. ಎಳೆದದ್ದು, ಒತ್ತಿದ್ದು, ಉಜ್ಜಿದ್ದು, ಒಂದರ ಮೇಲೊಂದು. ನಡುವೆ ಒಂದು ಕಡೆ ಒಣಗಿದ ಎಂಜಲು. ಅದು ಯಾರದೆಂದು ಅವನಿಗೆ ಗೊತ್ತಿತ್ತು. ನಿನ್ನೆ ಅಂಗಡಿಗೆ ಬಂದಿದ್ದ ಮದುವೆ ಕಾರ್ಡಿನ ಗಿರಾಕಿ ಬೆರಳನ್ನು ನಾಲಗೆಗೆ ತಗುಲಿಸಿ, ಪುಸ್ತಕದ ಹಾಳೆ ತಿರುವುವ ಹಾಗೆ, ಒಂದೊಂದೇ ಡಿಸೈನು ಸರಿಸಿ ನೋಡಿದ್ದ. ಅಂಗಡಿಯೊಡತಿ ಸುಷ್ಮಿತಾ ನಗುತ್ತಾ ನಿಂತಿದ್ದಳೇ ಹೊರತು ಬೇಡ ಅನ್ನಲಿಲ್ಲ. ಜಂಬುನಾಥ ಅಂಗಿಯ ತುದಿಯಿಂದ ಗಾಜನ್ನು ಒರೆಸಿದ. ಜಿಡ್ಡು ಹೋಗಲಿಲ್ಲ, ಹರಡಿತು. ಈ ದರಿದ್ರದ್ದರ ಮೇಲೆ ಇವತ್ತು ಒಬ್ಬ ಸತ್ತ ಹೆಂಗಸಿನ ಮುಖ ಬರಬೇಕು ಅಂದುಕೊಂಡಾಗ ಬಾಯಿ ಕಹಿಯಾಯಿತು. ಪಕ್ಕದಲ್ಲಿ ಕೂತವನು ಬಾಳೆಹಣ್ಣು ಸುಲಿಯುತ್ತಾ ಟ್ಯಾಬಿನೊಳಗೆ ಇಣುಕಿದ. ಅದರಲ್ಲಿ ಏನೂ ಇರಲಿಲ್ಲ, ಆದರೂ ಇಣುಕಿದ. ಅದರ ಗುಣವೇ ಅಂಥದು, ಎಲ್ಲರೂ ಇಣುಕುತ್ತಾರೆ.

ಹೊಸಪೇಟೆಯ ಆ ಫ್ಲೆಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಡೆಸ್ಕ್‌ಟಾಪ್ ಕಂಪ್ಯೂಟರಿನ ಮುಂದೆ, ಅವನು ತನ್ನ ಹರೆಯವನ್ನೆಲ್ಲ ಕಳೆದಿದ್ದ. ಕಿಟಕಿಯಿಲ್ಲದ ಕೋಣೆ. ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳು ಊರಿನ ಎಲ್ಲ ಮನೆಗಳಿಗೂ ನುಗ್ಗುತ್ತಿತ್ತು, ಅಲ್ಲಿಗೆ ಮಾತ್ರ ನುಗ್ಗುತ್ತಿರಲಿಲ್ಲ. ಕಂಪ್ಯೂಟರಿನ ಫ್ಯಾನಿನ ಗೊರಗೊರ, ಕೂತು ಕೂತು ಗುಳಿಬಿದ್ದ ಕುರ್ಚಿ, ಮೂಲೆಯಲ್ಲಿ ಸುತ್ತಿಟ್ಟ ಚಾಪೆ. ತಾಯಿ ತೀರಿಹೋದ ಮೇಲೆ ಅಣ್ಣನ ಮನೆಯಲ್ಲಿ ಅತ್ತಿಗೆ ತಟ್ಟೆಯನ್ನು ನೆಲಕ್ಕೆ ಕುಕ್ಕುವ ಸದ್ದು ಕೇಳಲಾರದೆ ಅವನು ಮಲಗುವುದೂ ಅಲ್ಲಿಯೇ ಆಗಿತ್ತು. ಹಳೆಯ ಮಾಲೀಕ ಇರುವತನಕ ಯಾರೂ ಏನೂ ಅನ್ನಲಿಲ್ಲ. ಈಗ ಮಗಳು ಸುಷ್ಮಿತಾ ನಡೆಸುತ್ತಾಳೆ. ಕೆಟ್ಟವಳಲ್ಲ, ಕೆಟ್ಟವಳಾಗಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಹಂಪಿಯ ಹೋಟೆಲುಗಳ ಬೋರ್ಡುಗಳನ್ನು ಆಕೆ ನಿಂತ ನಿಲುವಿನಲ್ಲೇ ಟ್ಯಾಬಿನ ಮೇಲೆ ಗೀಚಿ ಮುಗಿಸುತ್ತಾಳೆ, ಅವು ಚೆನ್ನಾಗಿಯೂ ಇರುತ್ತವೆ. "ಚಿಲ್ಲರೆ ಕೆಲಸಕ್ಕ ಇದು ಸರಿ ಅವ್ವಾ, ಗಟ್ಟಿ ಕೆಲಸಕ್ಕ ಸಿಸ್ಟಮ್ಮೇ ಬೇಕು" ಎಂದು ಅವನು ಅನ್ನುತ್ತಲೇ ಬಂದಿದ್ದ. ಅವಳು ಒಮ್ಮೆ, ವ್ಯಂಗ್ಯವಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳುವವಳ ಹಾಗೆ, "ಗಟ್ಟಿ ಕೆಲಸ ಅಂದ್ರ ಯಾವುದು ಅಂಕಲ್?" ಎಂದು ಕೇಳಿದ್ದಳು. ಜಂಬುನಾಥ ಕೆಮ್ಮಿ ಎದ್ದುಹೋಗಿದ್ದ.

ಸಿಸ್ಟಮ್ಮು ತೆಗೆದು ಹಿಂದಿನ ಕೋಣೆ ಖಾಲಿ ಮಾಡುವ ಮಾತು ಕೆಲವು ದಿನಗಳಿಂದ ನಡೆದಿತ್ತು; ಇವತ್ತು ಬೆಳಿಗ್ಗೆ ಅದಕ್ಕೆ ಅವಳೇ ಒಂದು ದಾರಿ ಹುಡುಕಿದಳು. ಎಮ್ಮಿಗನೂರಿನ ರೈಸ್ ಮಿಲ್ಲಿನ ಹಾಲೇಶನ ತಾಯಿ ಕೊಟ್ರಬಸಮ್ಮ ತೀರಿಕೊಂಡಿದ್ದರು. ಸೂರ್ಯ ಇಳಿಯುವುದರೊಳಗೆ ಮಣ್ಣು. ಅಷ್ಟರಲ್ಲಿ ಮನೆಯ ಮುಂದೆ ಶ್ರದ್ಧಾಂಜಲಿಯ ಫ್ಲೆಕ್ಸ್ ನಿಲ್ಲಬೇಕು. "ನೀವು ಟ್ಯಾಬ್ ತಗೊಂಡು ಹೋಗ್ರಿ ಅಂಕಲ್. ಅಲ್ಲೇ ಕುಂತು ಮುಖ ಮಾಡಿ ಕಳಿಸ್ರಿ, ಅಕ್ಷರ ನಾ ಹಾಕಿ ಪ್ರಿಂಟ್ ಹೊಡಸ್ತೀನಿ. ಇದ್ರಾಗ ಆತಂದ್ರ ಹಿಂದಿನ ಕೋಣಿ ಬಿಟ್ಟುಬಿಡೂಣು, ನಿಮಗೊಂದು ಬ್ಯಾರೆ ರೂಮ್ ನೋಡೂಣು. ಆಗಂಗಿಲ್ಲ ಅಂದ್ರ ಬಂದು ಹೇಳ್ರಿ. ಸಿಸ್ಟಮ್ಮೂ ಇರ್ಲಿ, ಕೋಣೀನೂ ಇರ್ಲಿ. ಮತ್ತ ನಾ ಆ ಮಾತು ಎತ್ತಂಗಿಲ್ಲ." ನ್ಯಾಯವಾದ ಮಾತು. ಅದಕ್ಕೇ ಅವನಿಗೆ ಅಸಹ್ಯವಾಯಿತು. ಆಗಬಾರದು, ಇವತ್ತು ಇದು ಆಗಲೇಬಾರದು ಎಂದು ಅವನು ಬಸ್ಸು ಹತ್ತಿದಾಗಿನಿಂದ ಬೇಡಿಕೊಳ್ಳುತ್ತಿದ್ದ. ಸಾವಿನ ಮನೆಗೆ ಹೋಗುವವನು ಬೇಡಿಕೊಳ್ಳುವ ವಿಷಯವೇ ಇದು ಎಂದು ತನ್ನನ್ನೇ ಉಗಿದುಕೊಂಡು, ಉಗಿದ ಮೇಲೂ ಅದನ್ನೇ ಬೇಡಿಕೊಂಡ.

ಗಟ್ಟಿ ಕೆಲಸ ಅಂದರೆ ಸತ್ತವರಿಗೆ ಕಣ್ಣು ಕೂರಿಸುವುದು. ಅದನ್ನು ಒಂದು ಹೆಣ್ಣುಮಗಳಿಗೆ ಹೇಗೆ ಬಿಡಿಸಿ ಹೇಳುವುದು? ಇಷ್ಟು ಮೊಬೈಲುಗಳ ಕಾಲದಲ್ಲೂ ಒಂದು ನೆಟ್ಟಗಿನ ಫೋಟೋ ಇಲ್ಲದೆ ಸಾಯುವವರು ಹಳ್ಳಿಗಳಲ್ಲಿ ಇದ್ದಾರೆ. ಆಧಾರ್ ಕಾರ್ಡಿನಲ್ಲಿ ಬರೀ ಮಸಿ, ಮದುವೆಯ ಗುಂಪಿನಲ್ಲಿ ಸೆರಗಿನ ಮರೆ. ಆಗ, ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ ಹೂವು ಹಾಕಿರುತ್ತಾರಲ್ಲ, ಅದನ್ನೇ ಒಂದು ಫೋಟೋ ಹೊಡೆದು ಕಳಿಸುತ್ತಾರೆ: ಸ್ವಲ್ಪ ಕಣ್ಣು ತೆರೆಸಿ ಕೊಡ್ರಿ. ಜಂಬುನಾಥ ದವಡೆಗೆ ಕಟ್ಟಿದ ಬಟ್ಟೆಯನ್ನು ಅಳಿಸಿ, ಮೂಗಿನ ಹತ್ತಿ ತೆಗೆದು, ತುಟಿ ಕೂಡಿಸಿ, ಗಂಡಸಾದರೆ ಒಂದು ಕೋಟು ತೊಡಿಸಿ, ಕಡೆಗೆ ಕಣ್ಣು ಕೂರಿಸುತ್ತಿದ್ದ. ಆ ಕಣ್ಣುಗಳು ಅವನವೇ. ಮೊದಲ ಸಲ ಇಂಥ ಕೆಲಸ ಬಂದಾಗ ಸ್ಕ್ಯಾನರಿನ ಮೇಲೆ ಅವನ ಫೋಟೋ ಒಂದು ಬಿದ್ದಿತ್ತು, ಕಂಪ್ಲಿಯ ಒಂದು ಹುಡುಗಿಗೆ ತೋರಿಸಲೆಂದು ಸ್ಟುಡಿಯೋದಲ್ಲಿ ತೆಗೆಸಿ ಕಳಿಸಿದ್ದು, ಒಪ್ಪಿಗೆಯಿಲ್ಲ ಎಂದು ವಾಪಸು ಬಂದದ್ದು. ಅವತ್ತು ಅದರಿಂದ ಕಣ್ಣು ಎರಡನ್ನು ಕತ್ತರಿಸಿ ಅಂಟಿಸಿದ. ಎಷ್ಟು ಸಲೀಸಾಗಿ ಕೂತವೆಂದರೆ ಆಮೇಲೆ ಬೇರೆ ಕಣ್ಣು ಹುಡುಕುವ ಗೋಜಿಗೇ ಹೋಗಲಿಲ್ಲ. ಕಣ್ಣಿಗೆ ಗಂಡು ಹೆಣ್ಣು ಇಲ್ಲ, ಫ್ಲೆಕ್ಸಿನ ಮೇಲಂತೂ ಇಲ್ಲ. ಹೀಗೆ ಈ ಸೀಮೆಯ ಸತ್ತ ಯಜಮಾನರು, ಮುದುಕಿಯರು, ಹೊಳೆಗೆ ಬಿದ್ದವರು, ವಿಷ ಕುಡಿದವರು, ಎಲ್ಲರೂ ಹೆಣ್ಣಿನ ಕಡೆಯವರ ಉತ್ತರಕ್ಕೆ ಕಾಯುವ ಒಬ್ಬ ವರನ ಹಾಗೆ ಊರ ಬಾಗಿಲುಗಳಲ್ಲಿ ನಿಂತು ನೋಡಿದ್ದರು.

ಆ ಕಣ್ಣುಗಳಿದ್ದ ಪೆನ್‌ಡ್ರೈವ್ ಈಗ ಅವನ ಅಂಗಿಯ ಜೇಬಿನಲ್ಲಿತ್ತು.

ಕಂಪ್ಲಿಯಲ್ಲಿ ಇಳಿದು ಆಟೋ ಹಿಡಿದು, ಕಬ್ಬಿನ ಗದ್ದೆಗಳ ನಡುವೆ ಮೈಕೈ ಕುಲುಕಿಸಿಕೊಂಡು ಮನೆ ಮುಟ್ಟಿದಾಗ ಪಡಸಾಲೆ ತುಂಬಿತ್ತು. ಭಜನೆಯವರು ಚಹಾಕ್ಕೆ ನಿಲ್ಲಿಸಿದ್ದರು. ಊದುಬತ್ತಿ, ಸೇವಂತಿಗೆ, ಬೆವರು, ಅವೆಲ್ಲದರ ಕೆಳಗೆ ಇನ್ನೊಂದು ಸಿಹಿ ವಾಸನೆ. ಕೊಟ್ರಬಸಮ್ಮ ಹೊಸ ಸೀರೆಯಲ್ಲಿ ಗೋಡೆಗೆ ಆನಿಕೊಂಡು ಕೂತಿದ್ದಳು, ಎದೆಯ ಸುತ್ತ ಬಟ್ಟೆ ಕಟ್ಟಿ ಗೂಟಕ್ಕೆ ಬಿಗಿದಿದ್ದರು. ಜಂಬುನಾಥ ಇಷ್ಟು ವರ್ಷ ಹೆಣಗಳ ಮುಖದ ಮೇಲೆ ಕೆಲಸ ಮಾಡಿದ್ದನೇ ಹೊರತು ಇಂಥ ಕೆಲಸಕ್ಕಾಗಿ ಒಂದು ಹೆಣದ ಎದುರು ಬಂದು ನಿಂತದ್ದು ಇದೇ ಮೊದಲು. ಅವಳ ಕಿವಿಯ ಮೇಲೆ ಒಂದು ನೊಣ ಕೂತು ಎದ್ದು ಮತ್ತೆ ಕೂತಿತು. ಅವನು ಟ್ಯಾಬ್ ಎತ್ತಿ ಫೋಟೋ ಹೊಡೆದ.

ಹಾಲೇಶ ಅವನಿಗೆ ಒಂದು ಕಂಬದ ಬುಡ ತೋರಿಸಿ, "ಇಲ್ಲೇ ಕುಂದ್ರಿ" ಅಂದ. ಕೂತದ್ದೇ ಸುತ್ತ ಮಂದಿ ಕೂಡಿತು. ಹೆಗಲ ಮೇಲೆ ಯಾರದೋ ಗದ್ದ, ಕುತ್ತಿಗೆಗೆ ಯಾರದೋ ಉಸಿರು, ಅದರಲ್ಲಿ ಎಲೆಅಡಿಕೆಯ ಹುಳಿ. ಎರಡು ಬೆರಳಿಟ್ಟು ಅಗಲಿಸಿದ, ಮುಖ ದೊಡ್ಡದಾಯಿತು. ಮತ್ತೆ ಅಗಲಿಸಿದ, ಎರಡು ಮುಚ್ಚಿದ ರೆಪ್ಪೆಗಳು ಗಾಜಿನ ತುಂಬ ಬಂದವು. ಅವನ ಹೆಬ್ಬೆರಳು ಒಂದು ರೆಪ್ಪೆಯ ಮೇಲೆಯೇ ಇತ್ತು. ಗಾಜು ಬೆಚ್ಚಗಿತ್ತು. ಥೂ ಎಂದು ಕೈ ಹಿಂದಕ್ಕೆಳೆದ. ಕೋಣೆಯಲ್ಲಿ ಹೀಗಿರಲಿಲ್ಲ. ಅಲ್ಲಿ ಸತ್ತವರು ಮೇಜಿನ ಆಚೆ, ಒಂದು ಮೊಳ ದೂರದಲ್ಲಿ ಇರುತ್ತಿದ್ದರು. ಕೈಗೆ ಸಿಗುತ್ತಿದ್ದದ್ದು ಮೌಸು, ಒಂದು ನಿರ್ಜೀವ ಪ್ಲಾಸ್ಟಿಕ್ಕು. ಇಲ್ಲಿ ತಾನೇ ಬೆರಳು ಹಾಕಿ ರೆಪ್ಪೆ ಕೀಳುತ್ತಿರುವ ಹಾಗಿತ್ತು, ಅದೂ ಅವಳ ಎದುರಿಗೇ. ಗುಂಪಿನಲ್ಲಿ ಒಬ್ಬ, "ಮಸ್ತ್ ಐತಲ್ಲ ಕ್ಲಿಯರ್ರು, ಎಷ್ಟು ಮೆಗಾಪಿಕ್ಸಲ್ರೀ?" ಅಂದ.

ಜಂಬುನಾಥ ಪೆನ್‌ಡ್ರೈವ್ ತೆಗೆದ. ಟ್ಯಾಬನ್ನು ತಿರುಗಿಸಿದ, ಮಗುಚಿದ, ನಾಲ್ಕೂ ಅಂಚನ್ನು ಬೆರಳಿನಿಂದ ಸವರಿದ. ಅದು ಹೋಗುವಂಥ ತೂತು ಎಲ್ಲಿಯೂ ಇರಲಿಲ್ಲ. ಅವನ ಎದೆಯೊಳಗೆ ಏನೋ ಒಂದು ಹಿಗ್ಗಿ ಕುಣಿಯಿತು. ಹೆಣದ ಮುಂದೆ ಕೂತು ಹಿಗ್ಗುತ್ತಿದ್ದ ಆ ಹಿಗ್ಗಿನ ಮುಖಕ್ಕೆ ಹೊಡೆಯಬೇಕೆನಿಸಿತು. ಸುಷ್ಮಿತಾಗೆ ಫೋನು ಮಾಡಿ, "ಆಗಂಗಿಲ್ಲವ್ವ. ನನ್ನ ಸಾಮಾನು ಇದ್ರೊಳಗ ಹೋಗವಲ್ದು" ಅಂದ. ಅತ್ತ ಕಡೆಯಿಂದ ಅವಳು, "ಯಾವ ಸಾಮಾನು, ಕಣ್ಣಾ? ಅಲ್ಲೇ ಯಾರ್ದಾರ ತಗೋರಿ ಅಂಕಲ್. ಅವರ ಮಗಳು ಅದಾಳಲ್ಲ, ಶಾಂತಕ್ಕ, ಫ್ಲೆಕ್ಸಿನ ಪಟ್ಟಿಯೊಳಗ ಹೆಸರೈತಿ. ಕ್ಯಾಮೆರಾ ಕೈಯಾಗೇ ಐತಿ. ಸಿಸ್ಟಮ್ಮಿನಾಗ ಇದ್ದಿದ್ರ ಹಿಂಗ ಅಲ್ಲೇ ಫೋಟೋ ತೆಗಿಯಾಕ ಆಗ್ತಿತ್ತಾ?" ಅಂದಳು. ಈ ಹುಡುಗಿಗೆ ಎಲ್ಲವೂ ಗೊತ್ತು. ಅವನು ಬಾಗಿಲು ಹಾಕಿಕೊಂಡು ಏನು ಮಾಡುತ್ತಿದ್ದನೆಂಬುದೂ ಗೊತ್ತು. ಅವನು ಫೋನು ಇಟ್ಟ.

ಗೋಡೆಯ ಕಡೆ ತಿರುಗಿದ್ದು ಆಗ. ಕೊಟ್ರಬಸಮ್ಮನ ತಲೆಯ ಮೇಲೆಯೇ ಸಾಲಾಗಿ ಮೂರು ಫೋಟೋಗಳಿದ್ದವು, ಗಂಧದ ಹಾರ ಹಾಕಿದವು. ಅವಳ ಗಂಡ, ಅವಳ ಮೈದುನ, ಅವಳ ಅತ್ತೆ. ಮೂರೂ ಅವನು ಮಾಡಿದವು. ಪರದೆಯ ಮೇಲೆ ಒಂದೊಂದಾಗಿ ಮಾಡಿ ಕಳಿಸಿ ಮರೆತುಬಿಟ್ಟಿದ್ದ. ಒಂದೇ ಗೋಡೆಯ ಮೇಲೆ ಒಟ್ಟಿಗೆ ಎಂದೂ ನೋಡಿರಲಿಲ್ಲ. ಮೂರು ಮುಖಗಳು, ಒಂದೇ ಜೊತೆ ಕಣ್ಣು. ಕೋಟು ತೊಟ್ಟ ಯಜಮಾನನೂ ಬೊಚ್ಚುಬಾಯಿಯ ಮುದುಕಿಯೂ ಅವನನ್ನು ಒಂದೇ ಆಸೆಯಿಂದ, ಒಪ್ಪಿಕೊಳ್ಳಿ ಎಂಬಂತೆ ನೋಡುತ್ತಿದ್ದರು. ಹಾಲೇಶ ಅವನ ನೋಟವನ್ನು ಹಿಂಬಾಲಿಸಿ, ದುಃಖದ ನಡುವೆಯೂ ಹೆಮ್ಮೆಯಿಂದ, "ನಮ್ಮ ಮನೆತನದ ಕಣ್ಣು ನೋಡ್ರಿ. ಎಲ್ಲಾರ್ದೂ ಒಂದ. ಬಂದೋರೆಲ್ಲಾ ಅಂತಾರ" ಅಂದ.

ಬೇರೆ ದಾರಿ ಇರಲಿಲ್ಲ. "ಶಾಂತಕ್ಕಾರು ಒಂಚೂರು ಬರ್ತಾರೇನ್ರಿ? ಕಣ್ಣಿನ ಒಂದು ಫೋಟೋ ಬೇಕಿತ್ತು" ಅಂದ. ದರೋಜಿಗೆ ಕೊಟ್ಟ ಮಗಳು ಶಾಂತಕ್ಕ. ಬೆಳಗಿನಿಂದ ಅತ್ತು ಕಣ್ಣು ಬಾತು ಸೀಳಾಗಿದ್ದವು. ಅವಳು ಎದ್ದು ಬರುವುದರೊಳಗೆ ಸತ್ತವಳ ನಾದಿನಿ ಮುದುಕಮ್ಮ ಮೂಲೆಯಿಂದ ಕೂಗಿದಳು: "ಏನಪಾ, ಬದುಕಿದಾಕಿ ಕಣ್ಣು ಕಿತ್ತು ಸತ್ತಾಕಿಗೆ ಹಚ್ತೀಯಾ? ಬುದ್ಧಿಗಿದ್ದಿ ಐತಿಲ್ಲೋ ನಿನಗ?" ಮುದುಕಿ ಅಷ್ಟಕ್ಕೇ ಬಿಡಲಿಲ್ಲ. "ಹಂಗಾರ ನಮ್ಮಣ್ಣಗ ಯಾರ ಕಣ್ಣು ಹಚ್ಚಿದ್ದಿ? ನಮ್ಮವ್ವಗ?" ಎಲ್ಲರ ತಲೆಗಳೂ ಗೋಡೆಯ ಕಡೆ ತಿರುಗಿದವು. ಜಂಬುನಾಥ ಟ್ಯಾಬನ್ನು ತೊಡೆಯ ಮೇಲೆ ಮಗುಚಿಟ್ಟ. ತನ್ನ ಮುಖವನ್ನು ಯಾರಾದರೂ ಒಂದು ಗಳಿಗೆ ನಿಟ್ಟಿಸಿ ನೋಡಿದರೆ ಸಾಕು, ಗುಟ್ಟು ಬಯಲಾಗುತ್ತದೆ ಅನ್ನಿಸಿತು. ಯಾರೂ ನೋಡಲಿಲ್ಲ. ಅವನ ಮುಖವನ್ನು ಯಾರಾದರೂ ಯಾಕೆ ನೋಡುತ್ತಾರೆ?

"ಅವು ಯಾರ್ವೂ ಅಲ್ಲಮ್ಮಾ" ಅಂದ. ದನಿ ಹೆಣ್ಣಿನ ದನಿಯ ಹಾಗೆ ಕೀರಲಾಗಿ ಬಂತು. "ಸಿಸ್ಟಮ್ಮಿನಾಗ ಇರ್ತಾವ. ಕಂಪನಿಯವರೇ ಹಾಕಿ ಕೊಟ್ಟಿರ್ತಾರ."

"ಅಂದಮ್ಯಾಲೆ ಸಿಸ್ಟಮ್ಮಿನಾಗೇ ಮಾಡ್ರಿ" ಎಂದು ಹಾಲೇಶ ತೀರ್ಪು ಕೊಟ್ಟ. "ಇದು ಹುಡುಗ್ರ ಆಟದ ಸಾಮಾನು, ಇದ್ರಾಗೇನಾಕೈತಿ? ಇವತ್ತು ಫ್ಲೆಕ್ಸ್ ಬ್ಯಾಡ. ಮುಂದ ಕಾರ್ಯದ ದಿನ ಶಿವಗಣಾರಾಧನಿಗೆ ಹಾಕಿಸ್ತೀವಿ, ಆರಾಮ ದೊಡ್ಡ ಕಂಪ್ಯೂಟರಿನ್ಯಾಗ ಮಾಡಿ ಕೊಡ್ರಿ. ಅದ ಕಣ್ಣು ಹಾಕ್ರಿ, ನಮ್ಮ ಮನೆತನದ್ದು." ಗುಂಪು ಹೌದುಹೌದೆಂದು ಚದುರಿತು. ಭಜನೆಯವರು ತಾಳ ಎತ್ತಿಕೊಂಡರು. ಅಷ್ಟೇ. ಜಂಬುನಾಥ ಗೆದ್ದಿದ್ದ. ಕೋಣೆ ಉಳಿಯಿತು, ಕುರ್ಚಿ ಉಳಿಯಿತು, ಚಾಪೆ ಉಳಿಯಿತು. ಅವನು ಬಯಸಿದ್ದನ್ನು ಸಾವಿನ ಮನೆಯವರೇ ತಮ್ಮ ಬಾಯಿಂದ ಹೇಳಿಕೊಟ್ಟಿದ್ದರು. ಇದಕ್ಕಾಗಿ ಬೇಡಿಕೊಂಡಿದ್ದೆನೇ ಎಂದು ಯೋಚಿಸಿದಾಗ, ಹೌದು, ಇದಕ್ಕೇ, ಅನ್ನಿಸಿತು. ಆದರೂ ಸಂತೋಷ ಬರಲಿಲ್ಲ. ಕೈ ತೊಳೆದುಕೊಳ್ಳಲು ಹಿತ್ತಲಿಗೆ ಹೋದ. ಬಚ್ಚಲ ತೊಟ್ಟಿಯ ನೀರಿನಲ್ಲಿ ಹೆಬ್ಬೆರಳನ್ನು ತಿಕ್ಕಿ ತಿಕ್ಕಿ ತೊಳೆದ.

ಹಿಂದೆ ಯಾರೋ ನಿಂತದ್ದು ತಿಳಿದು ತಿರುಗಿದರೆ ಶಾಂತಕ್ಕ. "ಇವತ್ತ ಆಗಂಗಿಲ್ಲೇನ್ರಿ?" ಅಂದಳು. "ಅಪ್ಪಗ, ಕಾಕಾಗ, ಎಲ್ಲಾರ್ಗೂ ಸತ್ತ ದಿನಾನ ಫ್ಲೆಕ್ಸ್ ಕಟ್ಟಿದ್ರು. ಅವ್ವಂದಾದ್ರ ಆಮ್ಯಾಲೆ ನೋಡೂಣು ಅಂತಾರ. ಬದುಕಿದ್ದಾಗೂ ಹಂಗ, ಆಕಿದೆಲ್ಲಾ ಆಮ್ಯಾಲೆ." ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳು ಇನ್ನೂ ಮೆಲ್ಲಗೆ, "ಇನ್ನೊಂದು ಮಾತ್ರೀ. ಆ ಕಣ್ಣು ಬ್ಯಾಡ್ರಿ ಅವ್ವಗ. ಅಣ್ಣಗ ತಿಳಿಯಂಗಿಲ್ಲ. ಅವು ಅಪ್ಪನ ಕಣ್ಣಲ್ಲ, ನಂಗೊತ್ತು. ಅಪ್ಪ ಯಾರ್ನೂ ಹಂಗ ನೋಡಾವಲ್ಲ" ಅಂದಳು. ಅವನ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಅವ್ವಗೂ ಗೊತ್ತಿತ್ತು. ದಿನಾ ಫೋಟೋ ಒರೆಸಿ ವಿಭೂತಿ ಹಚ್ಚಾಕಿ. ಹಚ್ಚಿ, ಒಂದೊಂದ್ ದಿನ ಅಲ್ಲೇ ನಿಂತು ಭಾಳ ಹೊತ್ತು ನೋಡಾಕಿ. ಸತ್ತಮ್ಯಾಲೆ ಕಲ್ತಾನ ನೋಡು, ಹೇಂತಿನ್ನ ಹೆಂಗ ನೋಡಬೇಕು ಅಂತ, ಅಂತಿದ್ಲು. ನಗತಿದ್ಲೋ ಅಳತಿದ್ಲೋ ನನಗ ಗೊತ್ತಾಗ್ತಿರಲಿಲ್ಲ."

ಕಂಪ್ಲಿಯ ಆ ಹುಡುಗಿ ಫೋಟೋ ನೋಡಿ ಏನಂದಿದ್ದಳೋ, ನೋಡಿದ್ದಳೋ ಇಲ್ಲವೋ. ವಾಪಸು ತಂದುಕೊಟ್ಟ ದಲ್ಲಾಳಿ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದ. ಮೂಗಿನ ಮೇಲೆ ಒಂದು ಗೆರೆ ಬಿದ್ದಿತ್ತು, ಕಣ್ಣಿಗೆ ಏನೂ ಆಗಿರಲಿಲ್ಲ. ಇಲ್ಲಿ, ಎಮ್ಮಿಗನೂರಿನ ಈ ಪಡಸಾಲೆಯಲ್ಲಿ, ಮೊಮ್ಮಕ್ಕಳನ್ನು ಕಂಡ ಒಬ್ಬ ಹೆಂಗಸು ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಆ ನೋಟದ ಮುಂದೆ ನಿಂತಿದ್ದಳು. ದಿನಾ. ಅವನು ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಅನ್ನ ಉಣ್ಣುತ್ತಿದ್ದ ಹೊತ್ತಿನಲ್ಲಿ. ಜಂಬುನಾಥನಿಗೆ ನಾಚಿಕೆಯಾಯಿತು, ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. "ನಿಮ್ಮವ್ವ ಹೆಂಗ ನೋಡ್ತಿದ್ರು?" ಎಂದು ಕೇಳಿದ.

"ಹೆಂಗಂತ ಹೇಳ್ಲಿ?" ಅಂದಳು ಶಾಂತಕ್ಕ. "ಎಲ್ಲಾ ಸಾಕಾಗಿರತೈತಲ್ರಿ. ಹೇಸಿಕಿ ಬಂದಿರತೈತಿ. ಆದ್ರ ಇಲ್ಲೇ ಇರಬೇಕಲ್ಲ, ಎಲ್ಲಿಗೆ ಹೋಗೂದು. ಹಂಗ."

ಅವಳು ಒಳಗೆ ಹೋದ ಮೇಲೆ ಅವನು ಭತ್ತದ ಚೀಲಗಳ ಹಿಂದೆ ಹೋಗಿ ನಿಂತ. ಟ್ಯಾಬಿನ ಕ್ಯಾಮೆರಾ ತನ್ನ ಕಡೆಗೆ ತಿರುಗುವಂತೆ ಒತ್ತಿದಾಗ ಒಂದು ಮುಖ ಬಂತು. ಎಷ್ಟೋ ವರ್ಷಗಳಿಂದ ಅವನು ದಿನವೂ ತನ್ನ ಕಣ್ಣುಗಳ ಮೇಲೆ ಕೆಲಸ ಮಾಡುತ್ತಿದ್ದ, ಆದರೆ ಆ ಕಣ್ಣುಗಳು ಮೂವತ್ತರ ಹತ್ತಿರವೇ ನಿಂತುಬಿಟ್ಟಿದ್ದವು. ಇವು ಬೇರೆ. ಕೆಳಗೆ ನೀರು ತುಂಬಿದ ಚೀಲಗಳು, ಬಿಳಿಯ ಭಾಗ ಹಳದಿಗಟ್ಟಿ, ಅದರ ಮೇಲೆ ಕೆಂಪು ನರ. ರೆಪ್ಪೆ ಅರ್ಧ ಇಳಿದಿತ್ತು. ಆ ಕಣ್ಣುಗಳು ಅವನನ್ನು ನೋಡಿದ ರೀತಿಯಲ್ಲಿ ಅಸಹ್ಯ ಬಿಟ್ಟು ಬೇರೇನೂ ಇರಲಿಲ್ಲ. ಅದನ್ನು ಕಂಡು ಅವನಿಗೂ ಅಸಹ್ಯವಾಯಿತು, ಆಗ ಅದು ಇನ್ನಷ್ಟು ಹೆಚ್ಚಿತು. ಆ ಗಳಿಗೆಯಲ್ಲಿ ಫೋಟೋ ಹೊಡೆದ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದಲೇ ಸುತ್ತ ಗೆರೆ ಎಳೆದು ಕತ್ತರಿಸಿದ. ಕೊಟ್ರಬಸಮ್ಮನ ದವಡೆಯ ಬಟ್ಟೆ ಅಳಿಸಿದ, ಮೂಗಿನ ಹತ್ತಿ ತೆಗೆದ. ಈ ಸಲ ರೆಪ್ಪೆಯ ಮೇಲಿಟ್ಟ ಬೆರಳನ್ನು ಹಿಂದಕ್ಕೆಳೆಯಲಿಲ್ಲ. ಬೆರಳು ದಪ್ಪ, ಗಾಜು ಜಾರು, ಅಂಚು ಎರಡು ಸಲ ಕೆಟ್ಟಿತು, ಮೂರನೆಯ ಸಲ ಕೂತಿತು. ಕೋಣೆಯಲ್ಲಾದರೆ ಇದಕ್ಕಿಂತ ನಯವಾಗುತ್ತಿತ್ತು. ಆದರೆ ಕೋಣೆಯಲ್ಲಾದರೆ ಅವನು ಹಳೆಯ ಕಣ್ಣನ್ನೇ ಹಾಕುತ್ತಿದ್ದ.

ಶಾಂತಕ್ಕನನ್ನು ಸನ್ನೆಮಾಡಿ ಕರೆದು ತೋರಿಸಿದ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನೋಡಿದಳು. "ಅವ್ವ" ಅಂದಳು. ಆಮೇಲೆ, "ಹಿಂಗ ನೋಡ್ತಿದ್ಲು. ಅಪ್ಪನ್ನ, ಅಣ್ಣನ್ನ, ನನ್ನ. ಇದ ನೋಡ್ರಿ" ಎಂದು ಅಳು ಬಾರದ ಒಣ ದನಿಯಲ್ಲಿ ಹೇಳಿದಳು. ಅಣ್ಣನನ್ನು ನಾನು ಒಪ್ಪಿಸುತ್ತೇನೆ, ಕಳಿಸಿಬಿಡಿ ಅಂದಳು.

ಇನ್ನೂ ಕಳಿಸಿರಲಿಲ್ಲ. ಅಳಿಸಿಬಿಡಬಹುದಿತ್ತು, ನೆಟ್‌ವರ್ಕ್ ಇಲ್ಲ ಅನ್ನಬಹುದಿತ್ತು, ಎಮ್ಮಿಗನೂರಿನಲ್ಲಿ ಅದು ಯಾರೂ ಅನುಮಾನಿಸುವ ಮಾತಲ್ಲ. ಜಂಬುನಾಥ ಗುಂಡಿಯನ್ನು ಒತ್ತಿದ. ಗಾಜಿನ ಮೇಲೆ ಒಂದು ಗೆರೆ ಓಡಿ ಮುಗಿಯಿತು. ತುಸು ಹೊತ್ತಿಗೆ ಸುಷ್ಮಿತಾಳ ಸಂದೇಶ ಬಂತು: ಸೂಪರ್ ಅಂಕಲ್, ಟ್ಯಾಬಿನಾಗೇ ಆತಲ್ಲ! ಭಾಳ ಜೀವಂತ ಐತಿ ಮುಖ. ಸೋಮವಾರ ಕೋಣಿ ಖಾಲಿ ಮಾಡೂಣು, ನಾನೂ ಬರ್ತೀನಿ ಸಾಮಾನು ಎತ್ತಾಕ.

ಶಾಂತಕ್ಕ ಇನ್ನೂ ಅಲ್ಲೇ ನಿಂತಿದ್ದಳು. ಟ್ಯಾಬನ್ನು ನೋಡುತ್ತಿರಲಿಲ್ಲ, ಅವನ ಮುಖವನ್ನು, ಅವನ ಕಣ್ಣುಗಳನ್ನೇ ನೋಡುತ್ತಿದ್ದಳು, ಬೆಳಗಿನಿಂದ ಯಾರೂ ನೋಡಿರದ ಹಾಗೆ. ಅವನು ಕಣ್ಣು ತಗ್ಗಿಸಬೇಕೆಂದುಕೊಂಡ, ತಗ್ಗಿಸಲಾಗಲಿಲ್ಲ.

"ಮನ್ಯಾಗ ಯಾರ್ಯಾರು ಅದೀರಿ?" ಎಂದು ಅವಳು ಕೇಳಿದಳು.

"ಯಾರೂ ಇಲ್ರಿ" ಅಂದ ಜಂಬುನಾಥ. ಈ ಮಾತನ್ನು ಅವನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಹಿಂದಿನ ಕೋಣೆಯಲ್ಲಿ ಅದನ್ನು ಕೇಳುವವರು ಇರಲಿಲ್ಲ.